ಬೀಡಿ ಅಲ್ಲ, ಬೆಡಿ

ತುಳುವಿನಲ್ಲಿ ಕೋವಿಗೆ ಬೆಡಿ ಎನ್ನುತ್ತಾರೆ. ಈ ಒಂದು ಶಬ್ದದಿಂದಾಗಿ 2013ರ ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಕುಲಶೇಖರದ ಹತ್ತಿರ ರಸ್ತೆ ಬದಿಯಲ್ಲಿ ನಾನೂ ಅಪ್ಪನೂ ಅರ್ಧ ಗಂಟೆ ನಿಲ್ಲಬೇಕಾಯಿತು.

ವಿಧಾನಸಭೆ ಚುನಾವಣೆಯ ಸಮಯ ಅದು. ನಮ್ಮ ಜಿಲ್ಲೆಯಲ್ಲಿ ಚುನಾವಣೆ ಘೋಷಣೆಯಾಯಿತೆಂದರೆ ಬೆಳೆ ರಕ್ಷಣೆಯ ಕೋವಿಗಳಿಗೂ ರಜೆ. ಪರವಾನಗಿ ಇದ್ದವರೆಲ್ಲ ಕೋವಿಯನ್ನು ಠಾಣೆಯಲ್ಲೋ, ಇಟ್ಟುಕೊಳ್ಳಲು ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಿ ರಶೀದಿ ತರಬೇಕು. ನೀರುಮಾರ್ಗದ ತೋಟದ ಮನೆಯಿಂದ ಅಪ್ಪನ ಕೋವಿಯನ್ನು ಪೇಟೆಯ ಅಂಗಡಿಗೆ ಮುಟ್ಟಿಸಲು ಬಿಜೈಯಿಂದ ನಾನು ಕಾರು ತೆಗೆದುಕೊಂಡು ಹೋಗಿದ್ದೆ. ಕೋವಿ ಹಿಂದಿನ ಸೀಟಿನಲ್ಲಿ ಅಮ್ಮ ಹೊಲಿದ ಕಂದು ಬಟ್ಟೆಯ ಚೀಲದೊಳಗೆ ಮಲಗಿತ್ತು. ಅದರ ಪಕ್ಕದಲ್ಲಿ ಒಂದು ಬಾಳೆಗೊನೆ, ಕೆಳಗೆ ಎರಡು ಕೊಡೆ. ನೋಡಿದವರಿಗೆ ಮೂರನೆಯದೂ ಕೊಡೆ ಎಂದೇ ಕಾಣುತ್ತಿತ್ತು.

ತಪಾಸಣೆಗೆ ನಿಂತಿದ್ದವನು ಇಪ್ಪತ್ತನಾಲ್ಕು, ಇಪ್ಪತ್ತೈದರ ಹುಡುಗ. ಮಾತು ಕೇಳಿದರೆ ಬಾಗಲಕೋಟೆಯೋ ವಿಜಯಪುರವೋ ಇರಬೇಕು. ನಮ್ಮ ಠಾಣೆಗಳಲ್ಲಿ ಆ ಕಡೆಯ ಹುಡುಗರು ಬಹಳ. ಡಿಕ್ಕಿ ತೆಗೆಸಿ ನೋಡಿದ, ಡ್ಯಾಶ್‌ಬೋರ್ಡಿನ ಖಾನೆ ನೋಡಿದ. ಅವನು ಹುಡುಕುತ್ತಿದ್ದದ್ದು ಹಣ, ಹೆಂಡ, ಸೀರೆ. ಹಿಂದಿನ ಸೀಟಿನತ್ತ ಒಮ್ಮೆ ಕಣ್ಣು ಹಾಯಿಸಿ, ‘ಆತ್ರಿ, ಹೋಗ್ರಿ’ ಎಂದು ಕೈ ಬೀಸಿದ. ನಾನು ಗಾಡಿ ಚಾಲೂ ಮಾಡಿದೆ.

‘ಒಂದು ನಿಮಿಷ ಸರ್, ಬೆಡಿ ಉಂಟು’ ಎಂದರು ಅಪ್ಪ.

‘ಬೀಡಿ ಏನ್ರಿ? ಇರ್ಲಿ ಬಿಡ್ರಿ ಅಜ್ಜಾರ. ಬೀಡಿಗೆ ಯಾರ್ ಕೇಳ್ತಾರ? ನಡೀರಿ ನಡೀರಿ.’

ಅವನ ತಪ್ಪಲ್ಲ. ಮಂಗಳೂರು ಬೀಡಿಯ ಊರು. ಸಂಜೆ ಹೊತ್ತು ಬುಟ್ಟಿಯಲ್ಲಿ ಬೀಡಿ ಹಿಡಿದು ಬ್ರಾಂಚಿಗೆ ಹೋಗುವ ಹೆಂಗಸರನ್ನು ಅವನು ದಿನವೂ ನೋಡುತ್ತಿದ್ದಿರಬೇಕು.

‘ಬೀಡಿ ಅಲ್ಲ ಸರ್, ಬೆಡಿ.’

‘ಅದನ್ನ ಹೇಳಾಕತ್ತೀನಿ ನಾನೂ!’

ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೋಗಿ ಎಂದ ಮೇಲೆ ಹೋಗಬಾರದೇ? ಆದರೆ ಅಪ್ಪ ಬಿಡುವವರಲ್ಲ. ಗಾಬರಿಯಲ್ಲಿ ಕನ್ನಡದ ಶಬ್ದ ಸಿಕ್ಕಿರಲಿಲ್ಲ, ಈಗ ಸಿಕ್ಕಿತು. ‘ಕೋವಿ ಸರ್. ಗನ್ನು.’

ಹುಡುಗನ ಮುಖ ಬದಲಾದದ್ದನ್ನು ನಾನು ಮರೆಯಲಾರೆ. ಒಂದು ಹೆಜ್ಜೆ ಹಿಂದೆ ಸರಿದ. ‘ಸಾರ್’ ಎಂದು ಆಚೆ ಮರದ ನೆರಳಲ್ಲಿದ್ದ ಸಬ್‌ ಇನ್‌ಸ್ಪೆಕ್ಟರನ್ನು ಕೂಗಿದ. ಅಪ್ಪನ ಎರಡೂ ಕೈ ಆಗಲೇ ಡ್ಯಾಶ್‌ಬೋರ್ಡಿನ ಮೇಲಿದ್ದವು. ಊಟಕ್ಕೆ ಕುಳಿತ ಮಗು ಬಡಿಸುವುದನ್ನು ಕಾಯುವ ಹಾಗೆ, ಅಂಗೈ ಕೆಳಗೆ ಮಾಡಿ. ‘ಹಿಂದಿನ ಸೀಟಿನಲ್ಲಿ ಉಂಟು ಸರ್. ಖಾಲಿ. ತೋಟೆ ತರಲಿಲ್ಲ. ಲೈಸೆನ್ಸ್ ನನ್ನ ಅಂಗಿಯ ಕಿಸೆಯಲ್ಲಿ. ತೆಗೆಯಲಾ?’

‘ತೆಗೀರಿ’ ಎಂದು ಅವರು ಹೇಳುವವರೆಗೆ ಅಪ್ಪನ ಕೈ ಅಲ್ಲಾಡಲಿಲ್ಲ.

ಲೈಸೆನ್ಸಿನ ಪುಸ್ತಕ, ಕೋವಿಯ ಮೈಮೇಲಿನ ನಂಬರು, ಎಲ್ಲಿಗೆ ಒಯ್ಯುತ್ತೀರಿ, ಯಾಕೆ ಒಯ್ಯುತ್ತೀರಿ ಎಲ್ಲ ಆಯಿತು. ಕೊನೆಗೆ ಸಬ್‌ ಇನ್‌ಸ್ಪೆಕ್ಟರು ನಕ್ಕರು. ‘ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಯಜಮಾನ್ರೆ.’

‘ಮುಂದಿನ ಚೆಕ್‌ಪೋಸ್ಟಿನಲ್ಲಿ ಗೊತ್ತಾದರೆ? ಇಲ್ಲಿ ಯಾಕೆ ಹೇಳಲಿಲ್ಲ ಅಂತ ಅವರು ಕೇಳ್ತಾರಲ್ಲ ಸರ್’ ಎಂದರು ಅಪ್ಪ.

ಆ ದಿನ ಕಾರಿನಲ್ಲಿ ನಾನು ಅಪ್ಪನೊಡನೆ ಜಗಳವಾಡಿದೆ. ಮೊಮ್ಮಗನ ಪ್ರಾಯದ ಹುಡುಗನಿಗೆ ‘ಸರ್ ಸರ್’ ಎನ್ನುವುದೇಕೆ? ನಮ್ಮ ಕೋವಿ, ನಮ್ಮ ಲೈಸೆನ್ಸ್, ನಾವೇನು ಕಳ್ಳರೇ? ಅಪ್ಪ ಸ್ವಭಾವದಲ್ಲಿ ಅಂಜುಬುರುಕರೂ ಅಲ್ಲ. ಪಂಚಾಯತಿನಲ್ಲಿ, ಸೊಸೈಟಿಯಲ್ಲಿ ಅವರ ಗಂಟಲು ಊರಿಗೆಲ್ಲ ಪರಿಚಿತ. ಅವರು ಕಿಟಕಿಯಾಚೆ ನೋಡುತ್ತಾ ಹೇಳಿದರು: ‘ಕೋವಿ ಇಲ್ಲದ ದಿನ ನಾನು ಅವನ ಹತ್ತಿರ ಬೇಕಾದಷ್ಟು ಜಗಳ ಮಾಡಿಯೇನು. ಕೋವಿ ಇರುವ ದಿನ ಮಾಡುವ ಹಾಗಿಲ್ಲ ಮಗಾ.’

ನನಗೆ ಅದು ಆಗ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಅಪ್ಪನದ್ದು 12 ಬೋರಿನ ಒಂಟಿನಳಿಗೆ ತೋಟೆ ಕೋವಿ. ಅಜ್ಜನ ಕಾಲದಲ್ಲಿ ಕೇಪಿನ ಕೋವಿ ಇತ್ತಂತೆ, ನಾನು ನೋಡಿಲ್ಲ. ಕೋವಿ ಎಂದ ಕೂಡಲೇ ಬೇಟೆ ಎಂದು ನೀವು ತಿಳಿಯಬಾರದು. ನಾನು ನೋಡಿದ ಹಾಗೆ ಅದರ ಕೆಲಸ ಸದ್ದು ಮಾಡುವುದು ಮಾತ್ರ. ಮಂಗಗಳು ಹಿಂಡು ಹಿಂಡಾಗಿ ಬಂದು ಎಳೆ ಅಡಿಕೆ ಚೀಪಿ ಎಸೆಯುತ್ತವೆ, ಬೊಂಡ ಉದುರಿಸುತ್ತವೆ. ರಾತ್ರಿ ಹಂದಿ. ಈಗೀಗ ನವಿಲು. ಅದು ರಾಷ್ಟ್ರಪಕ್ಷಿ, ಅದಕ್ಕಂತೂ ಕೋವಿ ತೋರಿಸುವ ಮಾತೇ ಇಲ್ಲ. ಅಪ್ಪ ಆಕಾಶಕ್ಕೆ ಒಂದು ಈಡು ಹೊಡೆದರೆ ಮಂಗಗಳು ಪಕ್ಕದ ತೋಟಕ್ಕೆ ಹಾರುತ್ತಿದ್ದವು. ಪಕ್ಕದವರು ಹೊಡೆದರೆ ನಮ್ಮಲ್ಲಿಗೆ. ಹೀಗೆ ನಮ್ಮ ಎರಡು ಮನೆಗಳ ನಡುವೆ ಒಂದೇ ಮಂಗನ ಹಿಂಡು ಎಷ್ಟೋ ವರ್ಷ ಹೋಗಿಬಂದು ಮಾಡಿತು.

ಮನೆಯಲ್ಲಿ ಕೋವಿ ಒಳಕೋಣೆಯ ಕಪಾಟಿನಲ್ಲಿ, ತೋಟೆಗಳು ಅಕ್ಕಿ ಇಡುವ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಎರಡಕ್ಕೂ ಬೇರೆ ಬೇರೆ ಬೀಗ. ಒಂದರ ಕೀಲಿಕೈ ಅಪ್ಪನ ಬಳಿ, ಇನ್ನೊಂದರದ್ದು ಅಮ್ಮನ ಸೆರಗಿನ ಗಂಟಿನಲ್ಲಿ. ಅಮ್ಮನಿಗೆ ತಿಳಿಯದೆ ನಮ್ಮ ಮನೆಯಲ್ಲಿ ಒಂದು ಈಡೂ ಹಾರಿದ್ದಿಲ್ಲ. ಮಾರ್ನೆಮಿಯ ಆಯುಧ ಪೂಜೆಯ ದಿನ ಕತ್ತಿ, ಹಾರೆ, ಅಮ್ಮನ ಹೊಲಿಗೆ ಯಂತ್ರದ ಸಾಲಿನಲ್ಲಿ ಕೋವಿಗೂ ಕುಂಕುಮ. ಆ ದಿನ ಮಾತ್ರ ನಮಗೆ ಹತ್ತಿರ ಹೋಗಿ ನೋಡಲು ಅಪ್ಪಣೆ. ಮುಟ್ಟಲು ಆಗಲೂ ಇಲ್ಲ.

ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ ದೀಪಾವಳಿಗೆ ತಮ್ಮನಿಗೆ ಒಂದು ಕೇಪಿನ ಪಿಸ್ತೂಲು ಸಿಕ್ಕಿತು. ತಗಡಿನದ್ದು, ಕೆಂಪು ಸುರುಳಿಯ ಕೇಪು ಹಾಕಿ ಟಪ್ ಟಪ್ ಹೊಡೆಯುವಂಥದ್ದು. ಅವನು ಅದನ್ನು ಅಂಚೆಯಣ್ಣನ ಎದೆಗೆ ಗುರಿ ಹಿಡಿದು ಹೊಡೆದ. ಅಂಚೆಯಣ್ಣ ನಗುತ್ತಾ ಸತ್ತ ಹಾಗೆ ಮಾಡಿದರು. ಅಪ್ಪ ಅಂಗಳದಿಂದ ಬಂದವರು ಪಿಸ್ತೂಲನ್ನು ಕಿತ್ತುಕೊಂಡು ಹಟ್ಟಿಯ ಮಾಡಿನ ಮೇಲೆ ಎಸೆದುಬಿಟ್ಟರು. ತಮ್ಮ ಮೂರು ದಿನ ಅತ್ತ. ಆ ಪಿಸ್ತೂಲು ಮಳೆಗಾಲದವರೆಗೂ ಮಾಡಿನ ಹಂಚಿನ ಸಂದಿಯಲ್ಲಿ ಕಾಣುತ್ತಿತ್ತು.

ಲೈಸೆನ್ಸ್ ನವೀಕರಣಕ್ಕೆ ಆಗ ಮೂರು ವರ್ಷಕ್ಕೊಮ್ಮೆ ಸ್ಟೇಟ್ ಬ್ಯಾಂಕ್ ಬಳಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕಿತ್ತು. 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದ ಮೇಲೆ ನಮ್ಮಂಥ ನಗರದ ಅಂಚಿನವರ ಕಡತವೂ ಕಮಿಷನರ್ ಕಚೇರಿಗೆ ಹೋಯಿತು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷವಾಯಿತು. ನವೀಕರಣದ ದಿನ ಅಪ್ಪನ ತಯಾರಿ ಮದುವೆಗೆ ಹೊರಟವರದ್ದು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಲೈಸೆನ್ಸಿನ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ. ಕೋವಿಯ ಚೀಲದ ಬಾಯಿಯನ್ನು ಅಮ್ಮ ಲಾಡಿಯಲ್ಲಿ ಬಿಗಿದು ಕಟ್ಟಿ ಕೊಡಬೇಕು. ಸಾರ್ವಜನಿಕ ಜಾಗದಲ್ಲಿ ಉದ್ದ ಕೋವಿಯನ್ನು ಹೊದಿಕೆಯಲ್ಲೇ ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಬಂತು. ಅಪ್ಪ ಅದಕ್ಕಿಂತ ಮೂವತ್ತು ವರ್ಷ ಮೊದಲೇ ಅದನ್ನು ಮಾಡುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ಮಕ್ಕಳು ಹೆದರಬಾರದು ಎಂಬುದಷ್ಟೇ ಅವರ ಕಾರಣ.

ಕಾಲೇಜಿನಲ್ಲಿ ನನ್ನ ಹಾಸ್ಟೆಲ್ ಕೋಣೆಯ ಗೆಳತಿ ವಿರಾಜಪೇಟೆಯ ಕಡೆಯವಳು. ಅವಳ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋದಾಗ ನಾನು ಕಣ್ಣು ಬಿಟ್ಟು ನೋಡಿದೆ. ಕೋವಿಗಳನ್ನು ಸಾಲಾಗಿಟ್ಟು ತೋಕ್ ಪೂ ಎಂಬ ಹೂವು ಮುಡಿಸಿದ್ದರು. ಕೊಡವ ಮಾತಿನಲ್ಲಿ ತೋಕ್ ಎಂದರೆ ಕೋವಿ, ಆ ಹೂವಿನ ಹೆಸರೇ ಕೋವಿ ಹೂವು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಬೇಕಿಲ್ಲ. 1861ರಷ್ಟು ಹಿಂದೆ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಅದರ ವಿರುದ್ಧ ಹೋದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟು ತಳ್ಳಿಹಾಕಿತು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಪ್ಪನಿಗೆ ಹೂವೂ ಬೇಡ, ಈಡೂ ಬೇಡ. ಅವರು ಕೇಳಿದ್ದು ಒಂದೇ: ‘ಲೈಸೆನ್ಸ್ ಇಲ್ಲದಿದ್ದರೆ ಪೊಲೀಸರು ಕೇಳಿದಾಗ ಎಂತ ತೋರಿಸ್ತಾರೆ?’

‘ವಿನಾಯಿತಿ ಪತ್ರ ಉಂಟಂತೆ ಅಪ್ಪ.’

‘ಹಾಗಾದರೆ ಅಡ್ಡಿಯಿಲ್ಲ’ ಎಂದು ನಿಟ್ಟುಸಿರು ಬಿಟ್ಟರು, ಇಡೀ ಕೊಡಗಿನ ಜವಾಬ್ದಾರಿ ತಮ್ಮ ತಲೆಯಿಂದ ಇಳಿದ ಹಾಗೆ. ಕೋವಿ ಹಿಡಿದವರಲ್ಲಿ ಯಾವ ಪೊಲೀಸ್ ಅಧಿಕಾರಿಯೂ ಲೈಸೆನ್ಸ್ ಕೇಳಬಹುದು, ತೋರಿಸದಿದ್ದರೆ ಕೋವಿಯನ್ನು ವಶಪಡಿಸಿಕೊಳ್ಳಬಹುದು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಅಪ್ಪ ಕಲಮು ಓದಿದವರಲ್ಲ. ಆದರೆ ಕಾಗದ ಕಿಸೆಯಲ್ಲಿಲ್ಲದೆ ಅವರು ಕೋವಿಯನ್ನು ತೋಟದ ಗಡಿ ದಾಟಿಸಿದ್ದನ್ನು ನಾನು ಕಾಣೆ.

ಕೋವಿ ಇಲ್ಲದ ದಿನ ಜಗಳ ಮಾಡಿಯೇನು ಎಂದದ್ದು ಬರೀ ಮಾತಲ್ಲ. ಅದಕ್ಕೆ ಕೆಲವು ವರ್ಷ ಮೊದಲು ಇನ್ನೊಂದು ಚುನಾವಣೆಗೆ ಕೋವಿಯನ್ನು ಒಂದು ಠಾಣೆಯಲ್ಲಿ ಇಟ್ಟಿದ್ದರು. ಮನೆಗೆ ಬಂದು ಕನ್ನಡಕ ಹಾಕಿ ರಶೀದಿ ಓದಿದರೆ ಕೋವಿಯ ನಂಬರಿನ ಕೊನೆಯ ಅಂಕೆ 8ರ ಬದಲು 3 ಆಗಿತ್ತು. ಒಂದು ಅಂಕೆ ಎಂದರೆ ಏನು ಮಹಾ ಎಂದು ನಮಗೆ ಅನ್ನಿಸಬಹುದು. ಆದರೆ ಆ ರಶೀದಿಯ ಪ್ರಕಾರ ಅಪ್ಪ ತಮ್ಮ ಕೋವಿಯನ್ನು ಕೊಟ್ಟೇ ಇಲ್ಲ, ಬೇರೆ ಯಾರದ್ದೋ ಕೋವಿಯನ್ನು ತಂದು ಕೊಟ್ಟಿದ್ದಾರೆ! ಅದೇ ಮಧ್ಯಾಹ್ನ ಬಸ್ಸು ಹಿಡಿದು ವಾಪಸು ಹೋದರು. ‘ನಾಳೆ ಬನ್ನಿ’ ಎಂದರಂತೆ. ಅಪ್ಪ ಬೆಂಚಿನಲ್ಲಿ ಕುಳಿತರು. ‘ಚುನಾವಣೆ ಕೆಲಸ ಉಂಟು ಮಾರಾಯ್ರೆ, ನಿಮ್ಮದೊಂದು ಮೂರು ಎಂಟು’ ಎಂದರಂತೆ. ಆಗ ಅಪ್ಪ ಪಂಚಾಯತಿನ ಗಂಟಲು ತೆಗೆದರು. ಠಾಣೆಯ ಹೊರಗೆ ಚಹಾದಂಗಡಿಯವನಿಗೂ ಕೇಳಿಸಿತು ಎಂದು ಆಮೇಲೆ ಅವನೇ ಹೇಳಿದ. ಸಂಜೆ ಆರೂವರೆಗೆ 3 ಹೋಗಿ 8 ಬಂತು, ಪಕ್ಕದಲ್ಲಿ ಸಹಿಯೂ ಬಂತು.

ಎರಡೂವರೆ ತಿಂಗಳ ನಂತರ ಕೋವಿ ಮನೆಗೆ ಬರುವಾಗ ನಳಿಗೆಯ ಮೇಲೆ ಕೆಂಪಗೆ ತುಕ್ಕು. ಕಡಲ ತಡಿಯ ಏಪ್ರಿಲ್, ಮೇ ತಿಂಗಳ ಸೆಕೆಗೆ ಗೋಡೆಗೆ ಒರಗಿಸಿಟ್ಟ ಕಬ್ಬಿಣ ಇನ್ನು ಹೇಗಿರುತ್ತದೆ? ಅಪ್ಪ ಎರಡು ದಿನ ಕುಳಿತು ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಉಜ್ಜಿದರು. ತೆಂಗಿನೆಣ್ಣೆ ಆಗದು, ಅಂಟು ಕಟ್ಟುತ್ತದೆ. ಆ ಮೇಲೆಯೇ, ಬಾಡಿಗೆ ಹೋದರೂ ಅಡ್ಡಿಯಿಲ್ಲ ಎಂದು ಅಂಗಡಿಯಲ್ಲಿ ಇಡಲು ಶುರು ಮಾಡಿದ್ದು.

ನಿಜ ಹೇಳಬೇಕೆಂದರೆ ಈ ಚುನಾವಣೆಯ ನಿಯಮದ ಬಗ್ಗೆ ನನ್ನ ತಕರಾರು ಈಗಲೂ ಉಂಟು. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು, ಆದರೆ ದೇಶದ ಏಳು ಹಂತ ಮುಗಿದು ಸಂಹಿತೆ ಎದ್ದದ್ದು ಜೂನ್‌ನಲ್ಲಿ. ಅಷ್ಟು ದಿನವೂ ಮಂಗಗಳಿಗೆ ಮತದಾನವೇ. ವಿನಾಯಿತಿ ಬೇಕಾದವರ ಅರ್ಜಿ ನೋಡಲು ಸಮಿತಿ ಇರುತ್ತದೆ, ಬ್ಯಾಂಕಿನ ಕಾವಲಿನವರಿಗೆ ವಿನಾಯಿತಿ ಸಿಗುತ್ತದೆ. ಕೃಷಿಕರು ಪ್ರತಿ ಸಲ ಕೇಳುತ್ತಲೇ ಇರುತ್ತಾರೆ. ಅಪ್ಪ ಮಾತ್ರ ಅರ್ಜಿ ಹಾಕಲಿಲ್ಲ. ಡಬ್ಬ ಬಡಿದರು, ಗರ್ನಾಲು ಸಿಡಿಸಿದರು, ಸೋತರು. ‘ಎಲ್ಲರದ್ದೂ ಒಳಗಿದ್ದರೆ ಯಾರಿಗೂ ಯಾರ ಹೆದರಿಕೆಯೂ ಇಲ್ಲ’ ಎನ್ನುತ್ತಿದ್ದರು. ಇದರಲ್ಲಿ ಅವರು ಸರಿಯೋ ನಾನು ಸರಿಯೋ, ನಮ್ಮಿಬ್ಬರಲ್ಲಿ ತೀರ್ಮಾನವಾಗಲಿಲ್ಲ.

ಅಪ್ಪನ ನಂಬಿಕೆಗೆ ಪೆಟ್ಟು ಬಿದ್ದದ್ದು ನಾನು ನೋಡಿದ್ದು ಒಮ್ಮೆ ಮಾತ್ರ. 2016ರ ಜುಲೈ. ಅಮೆರಿಕದಲ್ಲಿರುವ ತಮ್ಮ ಭಾನುವಾರ ಫೋನ್ ಮಾಡಿದ್ದ. ಮಿನ್ನೆಸೋಟ ರಾಜ್ಯದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕಪ್ಪು ಜನಾಂಗದ ತರುಣ ಕಾರಿನಲ್ಲಿ ಹೋಗುತ್ತಿದ್ದಾಗ ಪೊಲೀಸರು ತಡೆದಿದ್ದರು. ಶಾಲೆಯೊಂದರ ಮಕ್ಕಳ ಊಟದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು. ಅವನಲ್ಲಿ ಲೈಸೆನ್ಸ್ ಇರುವ ಪಿಸ್ತೂಲು ಇತ್ತು. ತಾನಾಗಿಯೇ, ಸರ್ ಎಂದು ಕರೆದೇ, ನನ್ನ ಬಳಿ ಬಂದೂಕು ಉಂಟು ಎಂದು ಹೇಳಿದ. ಮರುಕ್ಷಣದಲ್ಲೇ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಹಿಂದಿನ ಸೀಟಿನಲ್ಲಿ ಅವನ ಗೆಳತಿಯ ನಾಲ್ಕು ವರ್ಷದ ಮಗಳು ಕುಳಿತಿದ್ದಳು.

ಫೋನಿನ ಧ್ವನಿ ದೊಡ್ಡದು ಮಾಡಿ ಇಟ್ಟಿದ್ದೆವು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಅವನ ಕೈ ಎಲ್ಲಿತ್ತು?’

‘ಲೈಸೆನ್ಸ್ ತೆಗೀಲಿಕ್ಕೆ ಹೋದದ್ದಂತೆ ಅಪ್ಪ. ಪೊಲೀಸ್ ಮೊದಲು ಲೈಸೆನ್ಸ್ ಕೇಳಿದ್ದ. ಬಂದೂಕು ಅಂದ ಕೂಡಲೇ ಕೈ ಹಾಕಬೇಡ ಅಂದ.’

‘ಕೇಳಿದ್ದನ್ನು ಕೊಡ್ಲಿಕ್ಕೆ ಕೈ ಹಾಕಿದ್ದಲ್ವಾ ಹಾಗಾದರೆ?’

‘ಹೌದು.’

‘ಮತ್ತೆ ಎಂತ ಮಾಡಬೇಕಿತ್ತು ಅವನು?’

ತಮ್ಮನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆ ಅಧಿಕಾರಿಯನ್ನು ನ್ಯಾಯಾಲಯ ನಿರ್ದೋಷಿ ಎಂದಿತು. ಅದನ್ನು ಅಪ್ಪನಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ, ಆದರೆ ಅವರು ಪೇಪರಿನಲ್ಲಿ ಓದಿಯಾಗಿತ್ತು. ಆ ದಿನ ಸಂಜೆ ಅವರು ಅಂಗಳದಲ್ಲಿ ಕುಳಿತು ಕುಲಶೇಖರದ ಆ ಹುಡುಗನ ಸುದ್ದಿ ತೆಗೆದರು. ‘ಆ ಬೀಡಿಯ ಹುಡುಗ ಒಳ್ಳೆಯವನು’ ಎಂದರು. ನಾಲ್ಕು ವರ್ಷದ ನಂತರ, ಯಾರೂ ಕೇಳದೆ. ನಾನು ಅಲ್ಲಿಯವರೆಗೆ ಆ ಕತೆಯನ್ನು ಎಷ್ಟೋ ಸಲ ನಗಿಸಲಿಕ್ಕೆಂದೇ ಹೇಳಿದ್ದೆ. ಅಂದಿನಿಂದ ಹೇಳುವಾಗ ಆ ಹುಡುಗ ಹಿಂದಿಟ್ಟ ಒಂದು ಹೆಜ್ಜೆ ನೆನಪಾಗುತ್ತದೆ. ಅವನೂ ಹೆದರಿದ್ದ. ಹೆದರಿ, ಹಿಂದೆ ಸರಿದು, ತನಗಿಂತ ದೊಡ್ಡವರನ್ನು ಕೂಗಿದ. ಅಪ್ಪನ ಕೈ ಡ್ಯಾಶ್‌ಬೋರ್ಡಿನ ಮೇಲೆ ಎಷ್ಟು ಅಲ್ಲಾಡದೆ ಇದ್ದರೂ ಆ ಒಂದು ಹೆಜ್ಜೆ ಅವನದ್ದೇ ಆಗಿತ್ತಲ್ಲ.

2024ರ ಜೂನ್‌ನಲ್ಲಿ ಕೋವಿ ಅಂಗಡಿಯಿಂದ ಮನೆಗೆ ಬಂತು. ಆಟಿ ತಿಂಗಳ ಒಂದು ರಾತ್ರಿ ಅಪ್ಪ ನಿದ್ದೆಯಲ್ಲೇ ಹೋದರು.

ನಾಲ್ಕನೇ ದಿನ, ಮನೆ ತುಂಬ ಜನ ಇರುವಾಗ, ಅಮ್ಮ ನನ್ನನ್ನೂ ತಮ್ಮನನ್ನೂ ಒಳಕೋಣೆಗೆ ಕರೆದರು. ‘ಬೆಡಿ ಎಂತ ಮಾಡುವುದು?’

ತಮ್ಮ ಬಂದು ಎರಡು ದಿನವಾಗಿತ್ತಷ್ಟೆ. ‘ನಾನು ಕಾರಿನಲ್ಲಿ ತೆಗೆದುಕೊಂಡು ಹೋಗಿ ಠಾಣೆಯಲ್ಲಿ ಕೊಟ್ಟು ಬರ್ತೇನಮ್ಮ, ಹತ್ತು ನಿಮಿಷದ ಕೆಲಸ’ ಎಂದ.

‘ನಿನ್ನ ಹೆಸರಿನಲ್ಲಿ ಲೈಸೆನ್ಸ್ ಉಂಟಾ?’ ಎಂದು ಕೇಳಿದರು ಅಮ್ಮ.

ಉತ್ತರ ಹೇಳದೆ ಅವನು ಸುಮ್ಮನಾದ. ಲೈಸೆನ್ಸ್ ಅಪ್ಪನದ್ದು, ಅಪ್ಪನ ಜೊತೆಗೇ ಮುಗಿಯಿತು. ಅದು ಇಲ್ಲದೆ ಆ ಚೀಲ ಹಿಡಿದು ಗೇಟು ದಾಟಿದರೆ ನಾವು ಯಾರು? ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅದು ಸಿಗುವವರೆಗೆ ಕೋವಿ ಠಾಣೆಯಲ್ಲೋ ಅಂಗಡಿಯಲ್ಲೋ ಇರಬೇಕು. ಎಷ್ಟೋ ಮನೆಗಳಲ್ಲಿ ಯಜಮಾನರು ಹೋದ ಮೇಲೆ ಕೋವಿ ವರ್ಷಗಟ್ಟಲೆ ಅಟ್ಟದಲ್ಲೇ ಉಳಿಯುತ್ತದೆ. ದುಃಖದಲ್ಲಿ ಮರೆತಿರುತ್ತಾರೆ, ಆಮೇಲೆ ಹೇಳಲು ಹೆದರುತ್ತಾರೆ. ನಾನು ಠಾಣೆಗೆ ಫೋನ್ ಮಾಡಿ ವಿಷಯ ಹೇಳಿದೆ. ‘ತಂದು ಕೊಡಿ’ ಎಂದರು. ‘ತರಲಿಕ್ಕೆ ನಮ್ಮ ಹತ್ತಿರ ಲೈಸೆನ್ಸ್ ಇಲ್ಲ ಸರ್’ ಎಂದೆ. ಆಚೆ ಕಡೆ ಒಂದು ಕ್ಷಣ ಮೌನ. ‘ಹೌದಲ್ಲ. ಆಯ್ತು, ನಾವೇ ಬರ್ತೇವೆ.’

ಸುರಿಯುವ ಮಳೆಯಲ್ಲಿ ಇಬ್ಬರು ಬಂದರು. ಒಬ್ಬರು ಹೆಡ್ ಕಾನ್‌ಸ್ಟೇಬಲ್, ಜೊತೆಗೆ ಒಬ್ಬಳು ಚಿಕ್ಕ ಪ್ರಾಯದ ಪೊಲೀಸ್ ಹುಡುಗಿ. ರೇನ್‌ಕೋಟನ್ನು ಜಗಲಿಯ ಕಂಬಕ್ಕೆ ತೂಗುಹಾಕಿ, ಅಪ್ಪನ ಫೋಟೋಗೆ ಕೈ ಮುಗಿದರು. ಅಮ್ಮ ಕುರ್ಚಿಯಿಂದ ಏಳಲಿಲ್ಲ. ಕೈ ಎರಡೂ ಮಡಿಲಲ್ಲಿ ಕಾಣುವ ಹಾಗೆ ಇತ್ತು.

‘ಒಳಕೋಣೆಯ ಕಪಾಟಿನಲ್ಲಿ ಉಂಟು. ಖಾಲಿ. ತೋಟೆ ಬೇರೆ ಉಂಟು, ಅಕ್ಕಿಯ ಕೋಣೆಯಲ್ಲಿ, ಏಳು. ಕೀಲಿಕೈ ನನ್ನ ಸೆರಗಿನಲ್ಲಿ. ತೆಗೆಯಲಾ?’

ಹೆಡ್ ಕಾನ್‌ಸ್ಟೇಬಲ್ ಅಮ್ಮನನ್ನು ಒಂದು ಗಳಿಗೆ ನೋಡಿದರು. ‘ತೆಗೀರಿ ಅಮ್ಮ’ ಎಂದರು.

ಕೋವಿಯ ಬಾಯಿ ತೆರೆದು, ಬೆಳಕಿಗೆ ಹಿಡಿದು, ಖಾಲಿ ಎಂದು ಖಾತ್ರಿ ಮಾಡಿಕೊಂಡರು. ನಳಿಗೆಯಲ್ಲಿ ಒಂದು ಚುಕ್ಕೆ ತುಕ್ಕಿರಲಿಲ್ಲ. ‘ಎಷ್ಟು ಚಂದ ಇಟ್ಟಿದ್ದಾರೆ’ ಎಂದರು ಹೆಡ್ ಕಾನ್‌ಸ್ಟೇಬಲ್. ಹುಡುಗಿ ತೋಟೆ ಎಣಿಸಿ ಬರೆದಳು, ರಶೀದಿ ಹರಿದು ಅಮ್ಮನ ಕೈಗೆ ಕೊಟ್ಟಳು. ಕೆಲಸ ಮುಗಿಯಿತೆಂದು ಇಬ್ಬರೂ ಎದ್ದರು.

‘ಕೂತುಕೊಳ್ಳಿ’ ಎಂದರು ಅಮ್ಮ. ಮೇಜಿನ ಮೇಲಿದ್ದ ಅಪ್ಪನ ಕನ್ನಡಕ ತೆಗೆದು ತಾವೇ ಹಾಕಿಕೊಂಡರು. ‘ನೀನು ಬೆಡಿಯ ಮೇಲಿನ ನಂಬರು ಓದು ಮಗಾ, ನಾನು ಇದರಲ್ಲಿ ನೋಡ್ತೇನೆ.’

ಹುಡುಗಿ ಚೀಲದ ಲಾಡಿ ಮತ್ತೆ ಬಿಚ್ಚಿದಳು. ಒಂದೊಂದೇ ಅಂಕೆ ಓದಿದಳು. ಅಮ್ಮ ರಶೀದಿಯ ಮೇಲೆ ಬೆರಳಿಟ್ಟು ಪ್ರತಿ ಅಂಕೆಗೂ ‘ಹ್ಞೂಂ’ ಎನ್ನುತ್ತಾ ಹೋದರು. ಕೊನೆಯದಕ್ಕೆ ಬಂದಾಗ ಬೆರಳು ನಿಂತಿತು, ತಲೆ ಎತ್ತಿದರು.

‘ಇದು ಮೂರಾ, ಎಂಟಾ? ಸರಿಯಾಗಿ ನೋಡಿ ಹೇಳು.’